ಎಡಗಿವಿ ಹಿಂದಿನ ಕೆಂಪು

ತಲಿಯೊಳಗ ಏನ್ ನಡದೈತಿ ಅಂತ ಬಣ್ಣದಾಗ ತೋರಸೋ ಮಿಷನ್ನು ಬೆಳಗಾವಿಗೆ ಬಂದಾಗ ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಎರಡು ಸಾವಿರ ಇಸ್ವಿ ಹತ್ತಿದ್ದ ಸುಮಾರು ಅದು. ಡಾಕ್ಟರಕಿ ಕಲಸೋ ಒಂದು ಕಾಲೇಜಿನ್ಯಾಗ ನಾ ಅಂಕಿಸಂಖ್ಯೆ ಕಲಸೋ ಟೀಚರ್ ಬಾಯಿ. ಕಲಸೂದು ಹೆಸರಿಗಷ್ಟ. ದೊಡ್ಡ ಡಾಕ್ಟರು, ಸಣ್ಣ ಡಾಕ್ಟರು ಎಲ್ಲಾರೂ ತಮ್ಮ ಸಂಶೋಧನಾದ ಅಂಕಿ ತಂದು ನನ್ನ ಟೇಬಲ್ ಮ್ಯಾಲ ಒಗೀತಿದ್ರು. ನಾ ಲೆಕ್ಕ ಹಾಕಿ "ಫರಕು ಐತಿ" ಅಂತ ಬರದು ಸಹಿ ಮಾಡಬೇಕು. "ಫರಕು ಇಲ್ರಿ" ಅಂದ್ರ ಮುಗೀತು, ಅವರ ಮನಿ ಮದುವಿ ನಾನ ಮುರದಂಗ ಮಾರಿ ಮಾಡ್ತಿದ್ರು.

"ಮೇಡಮ್, ಇನ್ನೊಮ್ಮೆ ನೋಡ್ರಿ, ಎಲ್ಲರ ಇರತೈತಿ" ಅಂತಿದ್ರು.

ಎಲ್ಲರ ಇರತೈತಂತ! ಹುಡುಕ್ಕೋತ ಹೋದ್ರ ಎಲ್ಲರ ಏನರ ಸಿಕ್ಕ ಸಿಗತೈತಿ. ಅದನ್ನ ತಿಳಕೊಳ್ಳಾಕ ನಂಗ ಎಂ.ಎಸ್ಸಿ. ಬೇಕಾಗಿರಲಿಲ್ಲ, ಸಾಲಿಗೆ ಹೋಗೂ ಮೊದಲ ಗೊತ್ತಿತ್ತು.

ಯಾಕಂದ್ರ ನಾ ವಡಗಾವಿಯಾಕಿ. ನಮ್ಮಪ್ಪ ನೇಕಾರ. ನಮ್ಮ ಓಣ್ಯಾಗ ನೇಯ್ದ ಸೀರಿ ತಗೊಳ್ಳಾಕ ಇಬ್ಬರು ಬರ್ತಿದ್ರು. ಒಬ್ಬಾಂವ ಮುದುಕ. ಆತ ಸೀರಿ ಮಡಚಿದ್ದು ಮಡಚಿದಂಗ ಇದ್ದಾಗನ ಹೇಳಿಬಿಡ್ತಿದ್ದ, "ಇವತ್ತ ಸೆರಗು ನೋಡ್ತೀನಿ, ಎಡಗಡೆ ಅಂಚು ಒಂದು ಮೊಳ ನೋಡ್ತೀನಿ" ಅಂತ. ಅಲ್ಲಿ ದೋಷ ಇದ್ರ ಸೀರಿ ವಾಪಸ್, ಇಲ್ಲಾಂದ್ರ ಸೀರಿ ಆತಂದು. ಇನ್ನೊಬ್ಬಾಂವ ಏನೂ ಹೇಳ್ತಿರಲಿಲ್ಲ. ಸೀರಿ ಪೂರಾ ಬಿಚ್ಚಿ, ಬಾಗಲಾಗ ಬೆಳಕಿಗೆ ಹಿಡದು, ಗಂಟು ಸಿಗೂತನಕಾ ಹುಡುಕಾಂವ. ಸಿಕ್ಕ ಕೂಡ್ಲೆ "ನಾ ಮೊದಲ ಇಲ್ಲೇ ನೋಡಬೇಕಂತಿದ್ದೆ" ಅನ್ನಾಂವ. ಅಪ್ಪಗ ಮೈಯೆಲ್ಲಾ ಉರೀತಿತ್ತು.

"ಆರು ವಾರ ಉದ್ದದ ಸೀರ್ಯಾಗ ಎಲ್ಲರ ಒಂದು ಗಂಟು ಇರೂದಿಲ್ಲೇನೋ ಮಾರಾಯಾ? ಮೊದಲ ಹೇಳು, ಆಮ್ಯಾಲ ಹುಡುಕು" ಅಂತ ಬೈತಿದ್ದ. ಆ ಎರಡನೇದಾಂವಗ ನಮ್ಮವ್ವ ಕುಡಿಯಾಕ ನೀರು ಸೈತ ಕೊಡ್ತಿರಲಿಲ್ಲ.

ಮಿಷನ್ ತಂದವರು ಟಿಳಕವಾಡ್ಯಾಗ ದವಾಖಾನಿ ಇಟ್ಟ ನರದ ಡಾಕ್ಟರು. ನಮ್ಮ ಕಾಲೇಜಿಗೂ ಬಂದು ಕಲಸ್ತಿದ್ರು. ನೌಕರಿ ಯಾರ್ದು ಮುಂದುವರಸೂದು, ಯಾರ್ದು ಬಿಡೂದು ಅನ್ನೋ ಕಮಿಟ್ಯಾಗೂ ಅವರು ಇದ್ರು. ಎಲ್ಲಾರೂ ಅವರ್ನ ಸಾಹೇಬ್ರು ಅಂತಿದ್ರು, ನಾನೂ ಹಂಗ ಅಂತೀನಿ. ಮಿಷನ್ ಅಂದ್ರ ಒಂದು ಕಂಪ್ಯೂಟರು, ಒಂದು ರಬ್ಬರಿನ ಟೊಪಗಿ, ಟೊಪಗಿಗೆ ಹತ್ತೊಂಬತ್ತು ವಾಯರು. ತಲಿಗೆ ಹಾಕಿದ್ರ ಒಳಗಿನ ವಿದ್ಯುತ್ತಿನ ಅಲೆ ಹಿಡದು ಕಾಗದದ ಮ್ಯಾಲ ತಲಿ ಚಿತ್ರ ಬಿಡ್ತಿತ್ತು. ಯಾವದೋ ದೇಶದ ಮಂದಿ ತಲಿ ನೋಡಿ ಬರದಿಟ್ಟ ಪಟ್ಟಿ ಅದರ ಹೊಟ್ಟ್ಯಾಗ ಇತ್ತು. ಆ ಪಟ್ಟಿಗೆ ಹೊಂದಲಾರದ ಜಾಗಾಕ್ಕೆಲ್ಲಾ ಕೆಂಪು ಹಚ್ಚತಿತ್ತು.

ಖಂಡೇನವಮಿ ದಿನ ಮಿಷನ್ನಿಗೆ ಪೂಜಾ. ಚೆಂಡುಹೂವಿನ ಮಾಲಿ, ಲಿಂಬಿಹಣ್ಣು, ಟೊಪಗಿಗೂ ಅರಿಷಿಣ ಕುಂಕುಮ. ಕಾಯಿ ಒಡದ ಮ್ಯಾಲ ಸಾಹೇಬ್ರು "ಮೊದಲ ತಲಿ ನಂದ ಆಗ್ಲಿ" ಅಂದು ಟೊಪಗಿ ಹಾಕ್ಕೊಂಡು ಕುಂತ್ರು. ಫೋಟೋದಾಂವ ಫ್ಲ್ಯಾಶ್ ಹೊಡದಾಗೊಮ್ಮೆ ಕಣ್ಣು ಪಿಳುಕಿಸಿ ನಕ್ರು. ಮಿಷನ್ನಿಂದ ಬಂದ ಹಾಳಿ ತಿರುಗಿ ಸೈತ ನೋಡಲಿಲ್ಲ, ಸೀದಾ ನನ್ನ ಕೈಯಾಗ ಇಟ್ರು. "ಮೇಡಮ್, ನಾರ್ಮಲ್ ತಲಿ ಹೆಂಗಿರತೈತಿ ಅಂತ ಗೊತ್ತಾಗಾಕ ಇದನ್ನ ಫೈಲಿನ್ಯಾಗ ಇಡ್ರಿ" ಅಂದ್ರು. ನಾ ಇಟ್ಟೆ.

ಆಮ್ಯಾಲ ಅವರಿಗೆ ಸಂಶೋಧನಾದ ಹುಚ್ಚು ಹಿಡೀತು. ಖಾನಾಪುರದ ಒಂದು ಖಾಸಗಿ ಸಾಲಿ ಹೆಡ್ ಮಾಸ್ತರ್ರು ಅವರ ಗೆಳ್ಯಾರು. ಅಲ್ಲಿಂದ ಛಲೋ ಓದೂ ಇಪ್ಪತ್ತು ಹುಡುಗರು, ಸಾವಕಾಶ ಓದೂ ಇಪ್ಪತ್ತು ಹುಡುಗರು, ಒಟ್ಟ ನಲವತ್ತು ಮಂದೀನ ಟೆಂಪೋದಾಗ ತುಂಬಿ ಟಿಳಕವಾಡಿಗೆ ತಂದ್ರು. ಎಲ್ಲಾ ಹುಡುಗರ ತಲಿಗೂ ಅಂಟು ಹಚ್ಚಿ ಟೊಪಗಿ ಹಾಕಿದ್ರು. ನಲವತ್ತು ಹಾಳಿ ಬಂದು ನನ್ನ ಟೇಬಲ್ ಮ್ಯಾಲ ಬಿದ್ದುವು.

ಒಂದೊಂದು ಹಾಳಿ ಮ್ಯಾಲ ಎಂಟು ತಲಿ. ನಾಲ್ಕು ನಮೂನಿ ಅಲೆ, ಕಣ್ಣು ತಗದಾಗೊಂದು ಚಿತ್ರ, ಮುಚ್ಚಿದಾಗೊಂದು. ಒಂದೊಂದು ತಲಿ ಮ್ಯಾಲ ಹತ್ತೊಂಬತ್ತು ಜಾಗಾ. ಒಟ್ಟು ನೂರಾ ಐವತ್ತೆರಡು. ಛಲೋ ಓದವರಿಗೂ ಸಾವಕಾಶ ಓದವರಿಗೂ ಎಲ್ಲಿ ಫರಕು ಐತಿ ಅಂತ ಸಾಹೇಬ್ರು ಮೊದಲ ಹೇಳಿರಲಿಲ್ಲ. "ಎಲ್ಲಾ ಕಡೆ ನೋಡ್ರಿ" ಅಂದಿದ್ರು. ನೋಡಿದೆ. ಒಂಬತ್ತು ಜಾಗಾದಾಗ ಫರಕು ಬಂತು. ಸಾಹೇಬ್ರು ಖುಷಿ ಆಗಿ ಪೇಡೆ ತರಸಿದ್ರು. ನಾ ಪೇಡೆ ತಿನ್ನೂ ಮೊದಲ ಬಾಯಿ ಬಿಟ್ಟೆ.

"ಸಾಹೇಬ್ರ, ಈ ಲೆಕ್ಕದ ಗುಣಾನ ಹಂಗೈತ್ರಿ. ಏನೂ ಇಲ್ಲದಲ್ಲಿನೂ ಇಪ್ಪತ್ತು ಸಲ ನೋಡಿದ್ರ ಒಂದು ಸಲ ಸುಮ್ಮನ 'ಐತಿ' ಅಂತ ಬೀಳತೈತಿ. ನಾವು ನೋಡಿದ್ದು ನೂರಾ ಐವತ್ತೆರಡು ಸಲ. ಸುಮ್ಮನ ಬೀಳೂವ ಏಳೆಂಟು ಆಗ್ತಾವು. ನಮಗ ಸಿಕ್ಕಾವು ಒಂಬತ್ತು. ಎಷ್ಟು ಸಲ ಹುಡುಕೇವಿ ಅನ್ನೂದನ್ನ ಲೆಕ್ಕಕ್ಕ ಹಿಡದು, ಸಣ್ಣ ಕಣ್ಣಿನ ಜರಡ್ಯಾಗ ಹಾಕಿ ಸಾಣಿಸಬೇಕ್ರಿ."

"ಸಾಣಿಸಿದ್ರ ಎಷ್ಟು ಉಳೀತಾವು?"

"ಒಂದೂ ಉಳಿಯೂದಿಲ್ರಿ."

"ಒಂದೂ ಉಳಿಯೂದಿಲ್ಲಂದ್ರ ಜರಡೀನ ತಪ್ಪೈತಿ ಮೇಡಮ್" ಅಂದ್ರು, ಪೇಡೆ ಚಪ್ಪರಸ್ಕೋತ.

ಏನ್ ಶ್ಯಾಣ್ಯಾತನ ರೀ! ಇಂಥಾ ತಲಿಗೆ ಟೊಪಗಿ ಹಾಕಿ ವಾಯರು ಬ್ಯಾರೆ ಹಚ್ಚಬೇಕು. ಒಂಬತ್ತರಾಗ ಎಂಟನ್ನ ಸಾಹೇಬ್ರು ಸದ್ದಿಲ್ಲದ ಕೈಬಿಟ್ರು, ಯಾಕಂದ್ರ ಅವಕ್ಕ ಕಥಿ ಕಟ್ಟಾಕ ಬರಲಿಲ್ಲ. ಎಡಗಿವಿ ಹಿಂದಿನ ಒಂದನ್ನ ಗಟ್ಟಿಯಾಗಿ ಹಿಡಕೊಂಡ್ರು. "ಅದ ಭಾಷಾದ ಜಾಗಾ ಮೇಡಮ್! ನಂಗ ಮೊದಲ ಅನಸಿತ್ತು!" ಅಂತ ಟೇಬಲ್ ಕುಟ್ಟಿದ್ರು. ವಡಗಾವಿಯ ಆ ಎರಡನೇದಾಂವ ಕೋಟು ಹಾಕ್ಕೊಂಡು ನನ್ನ ಮುಂದ ಬಂದು ಕುಂತಂಗಾತು. ಬಲಗಿವಿ ಹಿಂದ ಬಂದಿದ್ರ ಅದಕ್ಕೂ ಇವರಿಗೆ ಮೊದಲ ಅನಸಿರತಿತ್ತು, ನೆತ್ತಿ ಮ್ಯಾಲ ಬಂದಿದ್ರ ಅದಕ್ಕೂ ಅನಸಿರತಿತ್ತು.

ಸಣ್ಣ ಕಣ್ಣಿನ ಜರಡಿ ಹಿಡದು ನಾ ಮಾಡಿದ್ದ ಲೆಕ್ಕದ ಹಾಳಿ ಸಾಹೇಬ್ರು ಬರದ ಪ್ರಬಂಧದ ಕಡೀ ಪುಟದಾಗ ಇತ್ತು. "ಜಾಗಾ ಸಾಲವಲ್ದು" ಅಂತ ಅದನ್ನ ತಗದ್ರು. ಜೋಡಿಗೆ, ಸಾಲಿಗೆ ಕಳಸಾಕ ಕನ್ನಡದಾಗ ಒಂದು ಪತ್ರ ಬರಸಿದ್ರು, ಓದಾಕ ಬರಲಾರದ ಹುಡುಗರಿಗೆ ಎಡಗಿವಿ ಹಿಂದ ಮೆದುಳಿನ ದೋಷ ಕಂಡೈತಿ ಅಂತ. ಅದರ ಕೆಳಗ "ಮೇಲಿನ ಲೆಕ್ಕವನ್ನು ತಪಾಸಣೆ ಮಾಡಿದ್ದೇನೆ, ಸರಿಯಾಗಿದೆ" ಅಂತ ಟೈಪು ಮಾಡಿಸಿ ಅದರ ಕೆಳಗ ನನ್ನ ಹೆಸರು ಹಾಕಿಸಿದ್ರು. ನಾ ಸಹಿ ಮಾಡಿದೆ. ಹೊಟ್ಟಿಪಾಡು ಅಂತ ಹೇಳಬಹುದು. ಆದ್ರ ಹೊಟ್ಟಿ ತುಂಬೇ ಇತ್ತು, ಅಪ್ಪನ ಮಗ್ಗ ನಡದಿತ್ತು. ಖರೇ ಹೇಳಬೇಕಂದ್ರ ಅಂಜಿದೆ. ಸಾಹೇಬ್ರು ಆ ಪ್ರಬಂಧ ಯಾವದೋ ಸಮ್ಮೇಳನದಾಗ ಓದಿ ಶಾಲು ಹೊಚ್ಚಿಸ್ಕೊಂಡು ಬಂದ್ರು.

ಮಳಿಗಾಲದಾಗ ಒಂದಿನ, ಬುಧವಾರ, ಖಾನಾಪುರದಿಂದ ಒಬ್ಬಾಂವ ನನ್ನ ಹುಡುಕ್ಕೊಂಡು ಬಂದ. ನೀರು ಸೋರೂ ಛತ್ರಿ ಬಾಗಲದಾಗ ಇಟ್ಟು, ಕುಂದರ್ರಿ ಅಂದ್ರೂ ಕುಂದರದ ನಿಂತ. ಸರಕಾರಿ ಆಫೀಸಿನ್ಯಾಗ ಜವಾನ. ಅವರಪ್ಪ ಅಡವ್ಯಾಗ ಎಮ್ಮಿ ಕಾದಾಂವ, ಇವ ಏಳನೇತ್ತಾ ಓದಿದ್ದಕ್ಕ ಕುರ್ಚಿ ಬಾಜು ನಿಂದ್ರೂ ನೌಕರಿ ಸಿಕ್ಕಿತ್ತು. ಪ್ಲಾಸ್ಟಿಕ್ ಚೀಲದಿಂದ ಸಾಲ್ಯಾಗ ಕೊಟ್ಟಿದ್ದ ಒಂದು ಹಾಳಿ ಪ್ರತಿ ತಗದ. ಎಂಟು ತಲಿ ಚಿತ್ರ, ಎಡಗಿವಿ ಹಿಂದ ಕೆಂಪು.

"ನನ್ನ ಮಗಳದ್ರಿ ಬಾಯಾರ. ಈ ಕೆಂಪ ಗುಳಿಗಿ ತಗೊಂಡ್ರ ಹೋಗ್ತೈತೇನ್ರಿ?"

ನಾ ಹಾಳಿ ಕೈಗೆ ತಗೊಂಡು ನೋಡಿದೆ. ಆತ ಮುಂದ ಹೇಳಿದ, "ಶನಿವಾರ ಸಾಲ್ಯಾಗ ಮೀಟಿಂಗ್ ಐತ್ರಿ. ಡಾಕ್ಟರೂ ಬರ್ತಾರಂತ. ಅವತ್ತ ಪೋರಿ ಹೆಸರು ತಗದು ಸಾಲಿ ಬಿಟ್ಟ ದಾಖಲೆ ನನ್ನ ಕೈಯಾಗ ಕೊಡ್ತಾರಂತ. ಮೆದುಳು ವೀಕ್ ಇದ್ದವರ್ನ ಇಟ್ಕೊಂಡ್ರ ಸಾಲಿ ರಿಜಲ್ಟ್ ಕೆಡತೈತಂತ. ಮೊದಲ ಈಕಿ, ಆಮ್ಯಾಲ ಉಳದವರು. ಬ್ಯಾರೆ ಸಾಲ್ಯಾವರೂ ಈ ಹಾಳಿ ನೋಡಿದ್ರ ತಗೋತಾರೇನ್ರಿ?"

"ಆಕಿಗೆ ಓದಾಕ ಬರತೈತೇನು?"

"ಬರತೈತ್ರಿ. ಸಾವಕಾಶ ಓದತಾಳ. ಮನ್ಯಾಗ ಮರಾಠಿ, ಸಾಲ್ಯಾಗ ಕನ್ನಡ. ನಾನೂ ಹಂಗ ಕಲತಾಂವರಿ."

"ನನ್ನ ಕಡೆ ಯಾಕ ಬಂದ್ರಿ?"

ಆತ ಇನ್ನೊಂದು ಕಾಗದ ತಗದ, ಆ ಪತ್ರದ ಝೆರಾಕ್ಸು. "ಸರಿ ಐತಿ ಅಂತ ನೀವು ಬರದೀರಂತ. ಅದಕ್ಕ ಖರೇನ ಸರಿ ಐತೇನು ಅಂತ ಕೇಳಿ ಹೋಗೂಣು ಅಂತ ಬಂದೀನ್ರಿ" ಅಂದ. ಕುಹಕ ಇರಲಿಲ್ಲ ಆ ಮಾತಿನ್ಯಾಗ. ಕುಹಕ ಇದ್ದಿದ್ರ ನಂಗ ಹಗುರ ಆಗತಿತ್ತು. ಸರಿ ಇಲ್ಲ ಅಂತ ಅವತ್ತರ ಹೇಳಬೇಕಿತ್ತು, ಹೇಳಲಿಲ್ಲ. "ಶನಿವಾರ ನಾನೂ ಬರ್ತೀನಿ, ಮಗಳನ್ನ ಕರಕೊಂಡು ಬರ್ರಿ" ಅಂದೆ ಅಷ್ಟ.

ಸಂಜಿಮುಂದ ಮನಿಗೆ ಹೋಗಿ ಅಪ್ಪಗ ಹೇಳಿದೆ. ಆತ ಮಗ್ಗದ ಕಂಡಿಕಿಗೆ ನೂಲು ಸುತ್ತಿಕೋತ ಎಲ್ಲಾ ಕೇಳಿದ. ಸಹಿ ಸುದ್ದಿ ಬಂದಾಗ ಕೈ ನಿಲ್ಲಿಸಿ ನನ್ನ ಮಾರಿ ನೋಡಿದ. "ಅಂಥಾವರ ಕೂಡ ವಾದ ಹಾಕಬಾರ್ದು. ಎಲ್ಲಿ ನೋಡ್ತಿ ಅಂತ ಮೊದಲ ಬಾಯಿ ಬಿಡಸು. ಆಮ್ಯಾಲ ಹುಡುಕಾಕ ಹಚ್ಚು" ಅಂದು ಮತ್ತ ಸುತ್ತಾಕ ಹತ್ತಿದ.

ಗುರುವಾರ, ಶುಕ್ರವಾರ ಕುಂತು ನಲವತ್ತೂ ಹಾಳಿ ಮ್ಯಾಲಿನ ಹೆಸರು, ವಯಸ್ಸು ಕತ್ತರಿಸಿದೆ. ಪ್ರತಿ ಹಾಳಿ ಹಿಂದ ಹೆಸರನ್ನ ಕನ್ನಡದಾಗ ದುಂಡಗ ಬರದು, ಮ್ಯಾಲೊಂದು ಕಾಗದದ ಪಟ್ಟಿ ಅಂಟಿಸಿದೆ. ಫೈಲಿನ್ಯಾಗ ಖಂಡೇನವಮಿದೊಂದು ಹಾಳಿ ಉಳದಿತ್ತು. ಅದಕ್ಕೂ ಹಂಗ ಮಾಡಿದೆ.

ಶನಿವಾರ ಮುಂಜಾನಿ ಪ್ಯಾಸೆಂಜರ್ ಹಿಡದು ಖಾನಾಪುರಕ್ಕ ಹೋದೆ. ಮೀಟಿಂಗ್ ನಾಲ್ಕನೇತ್ತಾ ಖೋಲ್ಯಾಗ. ಹೆಡ್ ಮಾಸ್ತರ್ರು, ಕಮಿಟಿಯ ಇಬ್ಬರು ಹಿರ್ಯಾರು, ನಮ್ಮ ಸಾಹೇಬ್ರು ಕುರ್ಚಿ ಮ್ಯಾಲ. ಜವಾನ, ಅವನ ಮಗಳು, ನಾನು ಹುಡುಗರ ಬೆಂಚಿನ ಮ್ಯಾಲ. ಹುಡುಗಿಗೆ ಒಂಬತ್ತು ವರ್ಷ ಇರಬೇಕು. ಎರಡು ಜಡಿ, ಕೆಂಪು ರಿಬ್ಬನ್ನು. ಟೇಬಲ್ ಮ್ಯಾಲ ಆಕಿ ದಾಖಲೆ ಬರದು ತಯಾರಿಟ್ಟಿದ್ರು, ಬಾಜುಕ ನಾ ಸಹಿ ಮಾಡಿದ ಪತ್ರ. ಸಾಹೇಬ್ರು ನನ್ನ ನೋಡಿ, "ಬರ್ರಿ ಬರ್ರಿ, ನಮ್ಮ ಲೆಕ್ಕದ ಮೇಡಮ್ಮೂ ಬಂದಾರ" ಅಂತ ಎಲ್ಲಾರಿಗೂ ಪರಿಚಯ ಮಾಡಿಸಿದ್ರು. ತಮಗ ಜೋಡಿ ಸಿಕ್ಕಿತು ಅಂತ ತಿಳದಿದ್ರು ಪಾಪ.

ನಾ ಎದ್ದು ನಿಂತೆ. "ಸಾಹೇಬ್ರ, ಎಲ್ಲಿ ಕೆಂಪಿದ್ರ ಹುಡುಗರು ವೀಕ್ ಅಂತ ಬೋರ್ಡಿನ ಮ್ಯಾಲ ಬರೀರಿ. ಹಿರ್ಯಾರಿಗೆ ತಿಳೀಲಿ."

ಅದಕ್ಕೇನು ಅಂತ ಖಡು ತಗೊಂಡು "ಎಡಗಿವಿ ಹಿಂದ" ಅಂತ ದೊಡ್ಡ ಅಕ್ಷರದಾಗ ಬರದು ಕೆಳಗ ಗೆರಿ ಎಳದ್ರು. ನಾ ಹಾಳಿ ಕಟ್ಟು ಅವರ ಮುಂದ ಇಟ್ಟೆ. "ಹೆಸರು ಕಾಣೂದಿಲ್ರಿ. ವೀಕ್ ಇದ್ದವರು ಈ ಕಡೆ, ಶ್ಯಾಣ್ಯಾರು ಆ ಕಡೆ."

"ಎರಡು ಮಿನಿಟಿನ ಕೆಲಸ" ಅಂದ್ರು. ಖರೇನ ಎರಡ ಮಿನಿಟು ಹಿಡೀತು. ವೀಕ್ ಕಟ್ಟಿನ್ಯಾಗ ಹನ್ನೊಂದು ಹಾಳಿ. ಹೆಡ್ ಮಾಸ್ತರ್ರು ಒಂದೊಂದ ಪಟ್ಟಿ ಕಿತ್ತು ಹೆಸರು ಓದಿದ್ರು. ಏಳು ಮಂದಿ ಸಾವಕಾಶ ಓದವರು, ಅದರಾಗ ಜವಾನನ ಮಗಳೂ ಇದ್ಲು. ಉಳದ ನಾಲ್ಕು ಮಂದಿ ಛಲೋ ಓದವರು. ನಾಲ್ಕನೇ ಹಾಳಿ ಓದಿ ಹೆಡ್ ಮಾಸ್ತರ್ರು ಕನ್ನಡಕ ತಗದು ಒರಸ್ಕೊಂಡ್ರು.

"ಏ, ಇದು ನಮ್ಮ ಮೊಮ್ಮಗಂದು! ವರ್ಗಕ್ಕ ಮೊದಲ್ನೇ ನಂಬರ್ ಬರೂ ಹುಡುಗ! ಇವ ಇಲ್ಲಿ ಹೆಂಗ?"

"ಸಾವಕಾಶ ಓದವರು ಇಪ್ಪತ್ತು ಮಂದಿ ಅಲ್ರಿ" ಅಂದೆ ನಾ. "ಏಳು ಇಲ್ಲಿ ಅದಾವು. ಉಳದ ಹದಿಮೂರು ಮಂದೀನ ಸಾಹೇಬ್ರು ಶ್ಯಾಣ್ಯಾರ ಕಟ್ಟಿಗೆ ಹಾಕ್ಯಾರ."

ಅಲ್ಲೇ ಸುಮ್ಮನಾಗಿದ್ರ ಸಾಹೇಬ್ರ ಮರ್ಯಾದಿ ಉಳೀತಿತ್ತು. ಸುಮ್ಮನಿರೂ ಜಾತಿ ಅಲ್ಲ ಅವರು. "ಒಂದ ಜಾಗಾ ನೋಡಿದ್ರ ಹಿಂಗ ಆಗತೈತಿ. ಪೂರಾ ನೋಡಬೇಕು" ಅಂದು ಬೋರ್ಡಿಗೆ ಬೆನ್ನು ಮಾಡಿ ಕುಂತು, ಶ್ಯಾಣ್ಯಾರ ಕಟ್ಟನ್ನ ಮತ್ತ ಎಳಕೊಂಡ್ರು. ಹಣಿ ಮ್ಯಾಲ ಕೆಂಪು ಐತಿ, ವೀಕ್. ನೆತ್ತಿ ಮ್ಯಾಲ ಐತಿ, ವೀಕ್. ಕಣ್ಣು ಮುಚ್ಚಿದಾಗ ಇಲ್ಲ, ತಗದಾಗ ಐತಿ, ಅದೂ ವೀಕ್. ಎಂಟು ತಲ್ಯಾಗ ನೂರಾ ಐವತ್ತೆರಡು ಜಾಗಾ ಹುಡುಕಿದ್ರ ಕೆಂಪು ಸಿಗಲಾರದ ಹಾಳಿ ಎಲ್ಲಿಂದ ಬರಬೇಕು? ಕಡೀಕ ಶ್ಯಾಣ್ಯಾರ ಕಟ್ಟಿನ್ಯಾಗ ಮೂರ ಹಾಳಿ ಉಳದ್ವು. ಹೆಡ್ ಮಾಸ್ತರ್ರು ತಮ್ಮ ಪೂರಾ ಸಾಲಿ ಕೈಬಿಟ್ಟು ಹೋದಂಗ ನೋಡಾಕ ಹತ್ತಿದ್ರು.

ನಡುವ ಒಂದು ಹಾಳಿ ಮಾತ್ರ ಸಾಹೇಬ್ರು ಎತ್ತಿ ಹಿರ್ಯಾರಿಗೆ ತೋರಿಸಿದ್ರು. "ಇದನ್ನ ನೋಡ್ರಿ, ಹಣಿ ತುಂಬಾ ಕೆಂಪು! ಈ ಹುಡುಗ ಭಾಳ ವೀಕ್ ಅದಾನ. ಇಂಥಾವನ್ನ ಸಾಲಿಗೆ ಕಳಸೂದ ತಪ್ಪು."

ಎಲ್ಲಾ ಮುಗದ ಮ್ಯಾಲ ನಾ ಆ ಹಾಳಿ ತಗೊಂಡು, ಹುಡುಗೀನ ಟೇಬಲ್ ಕಡೆ ಕರದು ಆಕಿ ಕೈಯಾಗ ಕೊಟ್ಟೆ. "ಪಟ್ಟಿ ಕೀಳವ್ವಾ. ಏನ್ ಬರದೈತಿ ಓದು."

"ಆಕಿಗೆ ಓದಾಕ ಬರೂದಿಲ್ಲ, ನಾ ಓದತೀನಿ ತರ್ರಿ" ಅಂತ ಹೆಡ್ ಮಾಸ್ತರ್ರು ಕೈ ಚಾಚಿದ್ರು.

"ಓದ್ಲಿ ಬಿಡ್ರಿ" ಅಂದ ಜವಾನ. ಮೀಟಿಂಗಿನ್ಯಾಗ ಆತ ಆಡಿದ ಮೊದಲ ಮಾತು ಅದು.

ಹುಡುಗಿ ಪಟ್ಟಿ ಕಿತ್ತಳು. ಅಕ್ಷರದ ಕೆಳಗ ಬಟ್ಟು ಇಟ್ಟಳು. "ಡಾ" ಅಂದ್ಲು. ತಡದ್ಲು. "ಕ್ಟ" ಅಂದ್ಲು. ಒತ್ತಕ್ಷರದ ಕೂಡ ಭಾಳ ಹೊತ್ತು ಗುದ್ದಾಡಿದ್ಲು. ಆಮ್ಯಾಲ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಒಂದೊಂದ ಅಕ್ಷರ ಕೂಡಿಸಿ ಕೂಡಿಸಿ ಓದಿದ್ಲು. ಎಷ್ಟು ಸಾವಕಾಶ ಓದಿದ್ಲಂದ್ರ, ಅದು ಯಾರ ಹೆಸರು ಅನ್ನೂದು ಖೋಲ್ಯಾಗಿನ ಎಲ್ಲಾರಿಗೂ ಆಕಿ ಮುಗಸೂಕಿಂತ ಮೊದಲ ತಿಳೀತು. ಆದ್ರೂ ಆಕಿ ಮುಗಿಸೂತನಕಾ ಎಲ್ಲಾರೂ ಕುಂದರಬೇಕಾತು, ಸಾಹೇಬ್ರೂ ಕುಂದರಬೇಕಾತು. ಒಂದ ಅಕ್ಷರ ತಪ್ಪಲಿಲ್ಲ ಹುಡುಗಿ.

"ಅದು ಖಂಡೇನವಮಿದು" ಅಂದ್ರು ಸಾಹೇಬ್ರು, ಮಾರಿ ಕೆಂಪಗ ಮಾಡ್ಕೊಂಡು. "ಫೋಟೋದ ಫ್ಲ್ಯಾಶಿಗೆ ನಾ ಕಣ್ಣು ಪಿಳುಕಿಸಿದ್ದೆ, ಅದಕ್ಕ ಹಂಗ ಬಂದೈತಿ."

"ಹೌದ್ರಿ. ಹುಡುಗರೂ ಪಿಳುಕಿಸಿರಬೇಕು, ಅವರ್ನ ಯಾರ ಕೇಳಿದ್ರು?" ಅಂದೆ. ಹಿರ್ಯಾರಾಗ ಒಬ್ಬರು ಟವೆಲ್ ಬಾಯಿಗೆ ಹಿಡಕೊಂಡು ನಕ್ರು.

ಹೆಡ್ ಮಾಸ್ತರ್ರು ದಾಖಲೆ ತಗದು ಡ್ರಾವರಿನ್ಯಾಗ ಹಾಕಿದ್ರು. "ಇರ್ಲಿ ಬಿಡ್ರಿ, ಓದತಾಳಲ್ಲ. ಇಲ್ಲೇ ಓದ್ಲಿ, ಎಲ್ಲಾರೂ ಓದ್ಲಿ" ಅಂತ ಹುಡುಗಿ ತಲಿ ಸವರಿದ್ರು. ಹೆಂಥಾ ದೊಡ್ಡ ಮನಸು! ಮೊಮ್ಮಗನ ಹಾಳಿ ಆ ಕಟ್ಟಿನ್ಯಾಗ ಬಂದಿರಲಿಲ್ಲಂದ್ರ ಆ ಕೈ ತಲಿ ಸವರತಿರಲಿಲ್ಲ. ನನ್ನ ಲೆಕ್ಕಕ್ಕ ಅಲ್ಲಿ ಯಾರೂ ತಲಿ ಬಾಗಿಸಲಿಲ್ಲ. ಆದ್ರೂ ನಾ ಒಳಗೊಳಗ ಉಬ್ಬಿದ್ದೆ. ಬೆಂಚಿನ ಮ್ಯಾಲ ಕುಂತು, ಇವರೆಲ್ಲಾ ಎಷ್ಟು ಸಣ್ಣ ಮಂದಿ ಅಂತ ಅನಕೊಳ್ಳಾಕ ಹತ್ತಿದ್ದೆ.

ಹುಡುಗಿ ಮಾತ್ರ ಟೇಬಲ್ ಬಿಟ್ಟು ಸರೀಲಿಲ್ಲ. ಎಲ್ಲಾರೂ ಕುಂತು ತಾನು ಓದೂದು ಕೇಳಿದ್ದು ಆಕಿಗೆ ಅದ ಮೊದಲಿರಬೇಕು. ಖುಷಿಯಾಗಿ ಬಾಜುಕಿದ್ದ ಪತ್ರ ಎಳಕೊಂಡು, ಕಡೀ ಸಾಲಿನ ಮ್ಯಾಲ ಬಟ್ಟಿಟ್ಟು ಸುರು ಮಾಡಿದ್ಲು. "ಮೇ... ಲಿ... ನ... ಲೆ... ಕ್ಕ..." ಯಾರೂ ಸಾಕು ಅನ್ನಲಿಲ್ಲ. ನಾನೂ ಅನ್ನಲಿಲ್ಲ. "ತಪಾಸಣೆ" ಬಂತು. "ಸರಿಯಾಗಿದೆ" ಬಂತು. ಆಮ್ಯಾಲ ಕೆಳಗಿನ ಹೆಸರು. ನನ್ನ ಹೆಸರು ಭಾಳ ಸಣ್ಣದು, ಒತ್ತಕ್ಷರ ಒಂದೂ ಇಲ್ಲ. ಅದನ್ನೂ ಆಕಿ ಒಂದೊಂದ ಅಕ್ಷರ ಓದಿದ್ಲು, ತಪ್ಪಲಿಲ್ಲ.

ಓದಿ ತಲಿ ಎತ್ತಿ ಕೇಳಿದ್ಲು, "ಇವರು ಯಾರ್ರಿ?"

ನಾ ಆ ಹುಡುಗರ ಬೆಂಚಿನ ಮ್ಯಾಲ ಕುಂತಲ್ಲೇ ಕೈ ಎತ್ತಿದೆ.